ಬೈಗುಳದ ಉಪವಾಸ

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಇನ್ನು ಕೆಲವರಿಗೆ ಬರೀ ಗಂಟಲು ಕೊಟ್ಟು ಕಳಿಸಿಬಿಡುತ್ತಾನೆ. ನಾನು ಎರಡನೆಯ ಪಂಗಡದವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಚರ್ಚಿನ ಗಾನವೃಂದದವರು ಒಮ್ಮೆ ಗೊತ್ತಿಲ್ಲದೆ ನನ್ನನ್ನು ಸೇರಿಸಿಕೊಂಡರು. ಮೂರನೇ ವಾರವೇ ಬಹಳ ಮರ್ಯಾದೆಯಿಂದ, "ಅಂತೋಣಿಯವರೇ, ನಿಮ್ಮ ಧ್ವನಿ ಹಾಡಿಗಿಂತ ವಾಚನಕ್ಕೆ ಚೆನ್ನಾಗಿ ಹೊಂದುತ್ತೆ" ಎಂದು ಬೈಬಲ್ ಓದುವ ಪೀಠದ ಕಡೆಗೆ ಸಾಗಹಾಕಿದರು. ಅಲ್ಲಿ ನಾನು ಬಾಯಿ ತೆರೆದ ಕೂಡಲೇ ಫಾದರ್ ತಾವು ಕೂತಲ್ಲಿಂದಲೇ ಕೈಸನ್ನೆ ಮಾಡುತ್ತಾರೆ, ಮೈಕಿನಿಂದ ಸ್ವಲ್ಪ ಹಿಂದೆ ಸರಿ ಎಂದು. ಹೀಗೆ ಸರಿದು ಸರಿದು ಈಗ ಮೈಕಿಗೂ ನನಗೂ ಯಾವ ಸಂಬಂಧವೂ ಉಳಿದಿಲ್ಲ. ಆದರೂ ಕೊನೆಯ ಸಾಲಿನಲ್ಲಿ ತೂಕಡಿಸುವ ಅಜ್ಜಂದಿರು ನಾನು ಓದುವ ಭಾನುವಾರ ತೂಕಡಿಸಿದ್ದನ್ನು ಯಾರೂ ನೋಡಿಲ್ಲ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಮ್ಮ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣ ಬಡಿಯುವ ಯಂತ್ರದ ಪಕ್ಕದಲ್ಲಿ ನಿಂತು ನಿಂತು ಕಿವಿ ಮಂದ ಮಾಡಿಕೊಂಡಿದ್ದರು. ಅವರಿಗೆ ಕೇಳಲಿ ಎಂದು ನಾವು ಕೂಗುತ್ತಿದ್ದೆವು. ನಾವು ಕೂಗುತ್ತೇವಲ್ಲ ಎಂದು ಅವರೂ ಕೂಗುತ್ತಿದ್ದರು. ಸಂಜೆ ಜಪಸರ ಹೇಳಲು ಕೂತರೆ ಮೂರು ಮನೆ ಆಚೆಗೆ ಕೇಳುತ್ತಿತ್ತು. ಪಕ್ಕದ ಮನೆಯ ಗೌಡರ ಮಗನಿಗೆ 'ನಮೋ ಮರಿಯಾ' ಪೂರ್ತಿ ಬಾಯಿಪಾಠವಾಗಿ, ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ಅದನ್ನೇ ಶುರು ಮಾಡಿ, ಹೆಡ್‌ಮಾಸ್ತರು ಗೌಡರನ್ನು ಕರೆಸಿ ವಿಚಾರಿಸಿದ್ದೂ ಉಂಟು. ಗೌಡರು ನಮ್ಮ ಮೇಲೆ ಸಿಟ್ಟಾಗಲಿಲ್ಲ. "ಏನೋ ಒಂದು ದೇವ್ರು ತಾನೆ, ಹೇಳ್ಕೊಳ್ಲಿ ಬಿಡಿ" ಅಂದರಂತೆ.

ಇಂಥ ಗಂಟಲು ಹೊತ್ತವನು ಬದುಕಲಿಕ್ಕೆ ಮೆಷಿನುಗಳ ಸದ್ದು ತುಂಬಿದ ಪೀಣ್ಯದ ಕೈಗಾರಿಕಾ ಪ್ರದೇಶಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಪಂಪುಗಳಿಗೆ ಬೇಕಾದ ಬುಷ್ಷು, ಪಿನ್ನು ಮುಂತಾದವನ್ನು ಕಡೆದುಕೊಡುತ್ತೇವೆ. ಎರಡು ಲೇತು, ಕಂಪ್ಯೂಟರಿನಿಂದ ನಡೆಯುವ ಎರಡು ಸಿಎನ್‌ಸಿ ಮೆಷಿನು, ಆರು ಜನ ಕೆಲಸಗಾರರು, ಜೊತೆಗೆ ನನ್ನ ಹೆಂಡತಿ ಲೂರ್ದು. ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ ಅವಳು ಶೆಡ್ಡಿಗೆ ಬಂದು, ಮಾಲನ್ನು ಕೊನೆಯ ಸಲ ಅಳೆದು ನೋಡಿ ಪ್ಯಾಕ್ ಮಾಡಿಸುತ್ತಾಳೆ. ಮಿಕ್ಕ ಎಲ್ಲವನ್ನೂ ನಾನು ಗಂಟಲಿನಿಂದಲೇ ನಡೆಸುತ್ತೇನೆ. ನನ್ನದು ಮರ್ಯಾದಸ್ಥ ಬೈಗುಳ, ಅದರಲ್ಲಿ ಅಪ್ಪ ಅಮ್ಮ ಬರುವುದಿಲ್ಲ, ಪ್ರಾಣಿಗಳೂ ಬರುವುದಿಲ್ಲ. "ಕಣ್ಣು ಮನೇಲಿ ಬಿಟ್ಟು ಬಂದಿದ್ದೀರೇನ್ರೀ?" ಇಂಥವು. ಅದರಲ್ಲೂ ಲೇತಿನಲ್ಲಿ ಕಬ್ಬಿಣವನ್ನು ಕಚ್ಚಿಹಿಡಿದು ತಿರುಗುವ ಚಕ್ಕಿನಲ್ಲಿ ಅದನ್ನು ಬಿಗಿ ಮಾಡುವ ಕೀಲಿಯನ್ನು ಮರೆತು ಬಿಟ್ಟವನಿಗೆ ನನ್ನಲ್ಲಿ ಕ್ಷಮೆಯಿಲ್ಲ. ಆ ಕೀಲಿ ಅಲ್ಲೇ ಇದ್ದಾಗ ಯಾರಾದರೂ ಮೆಷಿನ್ ಆನ್ ಮಾಡಿದರೆ ಅದು ಹಾರಿಬಂದು ಯಾರ ತಲೆ ಒಡೆಯುತ್ತದೋ ಹೇಳಲಾಗದು. ಆ ತಪ್ಪಿಗೆ ನಾನು ಕೂಗಿದರೆ ಮೆಟ್ರೋ ಕಂಬದ ತನಕ ಕೇಳುತ್ತದೆ ಎಂಬ ಹೆಸರು ನನಗಿದೆ.

ಆರು ಜನರಲ್ಲಿ ಹಿರಿಯರು ಟರ್ನರ್ ಹನುಮಂತರಾಯಪ್ಪ. ನಾನಿರುವ ಚಿಕ್ಕಬಾಣಾವರದ ಮೂಲ ಒಕ್ಕಲು ಅವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಮೂರಂತಸ್ತಿನ ಕಟ್ಟಡವಿದೆ, ತುಂಬ ಬಾಡಿಗೆಯವರಿದ್ದಾರೆ. ಅವರು ಕೆಲಸ ಮಾಡಬೇಕೆಂದೇನೂ ಇಲ್ಲ. ಆದರೆ ಮನೆಯಲ್ಲಿ ಕೂತರೆ ನೀರಿನ ಮೋಟರು ಯಾಕೆ ಹಾಕಿಲ್ಲ ಎಂದು ಬಾಡಿಗೆಯವರು ಬಂದು ನಿಲ್ಲುತ್ತಾರೆಂದು ಹದಿನೆಂಟು ವರ್ಷಗಳಿಂದ ನನ್ನ ಶೆಡ್ಡಿಗೆ ಬಂದು ಲೇತಿನ ಮುಂದೆ ನೆಮ್ಮದಿಯಾಗಿ ನಿಲ್ಲುತ್ತಾರೆ. ಶೆಡ್ಡಿನ ಗೋಡೆಯ ಮೇಲೆ ನನ್ನ ಪವಿತ್ರ ಹೃದಯದ ಯೇಸುವಿನ ಪಟ, ಅದರ ಪಕ್ಕದಲ್ಲಿ ಅವರ ಆಂಜನೇಯ. ಆಯುಧಪೂಜೆಯ ದಿನ ಅವರು ಬೂದುಗುಂಬಳ ಒಡೆಯುತ್ತಾರೆ, ನಾನು ತಟ್ಟೆ ಹಿಡಿಯುತ್ತೇನೆ. ಕ್ರಿಸ್‌ಮಸ್ಸಿಗೆ ಲೂರ್ದು ಕಜ್ಜಾಯ ತಂದರೆ ಮೊದಲ ಪಾಲು ಅವರದು. ಪಟಗಳ ಕೆಳಗಿನ ಹಲಗೆಯ ಮೇಲೆ ಅವರ ಸ್ವಂತದ ಮರದ ಟೂಲ್ ಪೆಟ್ಟಿಗೆ ಇರುತ್ತದೆ. ತಾವೇ ಸಾಣೆ ಹಿಡಿದ ಟೂಲುಗಳು, ಯಾರಿಗೂ ಮುಟ್ಟಲು ಬಿಡದ ಒಂದು ಮೈಕ್ರೋಮೀಟರ್. ಆ ಪೆಟ್ಟಿಗೆ ಹದಿನೆಂಟು ವರ್ಷಗಳಲ್ಲಿ ಒಂದು ದಿನವೂ ಅಲ್ಲಿಂದ ಕದಲಿರಲಿಲ್ಲ.

ಈಗ ತೊಂದರೆಗೆ ಬರುತ್ತೇನೆ. ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ನಮಗೆ ನಲವತ್ತು ದಿನದ ತಪಸ್ಸು ಕಾಲ. ಮನೆಯಲ್ಲಿ ಪ್ರತಿಯೊಬ್ಬರೂ ಏನಾದರೊಂದನ್ನು ಬಿಡುವುದು ವಾಡಿಕೆ. ಆ ಕಾಲದ ಮೊದಲ ದಿನ, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಬುಧವಾರದ ಸಂಜೆ ನಾನು ಎಂದಿನ ಗತ್ತಿನಲ್ಲಿ, "ನಾನು ಈ ಸಲವೂ ಮಾಂಸ ಬಿಡ್ತೀನಿ" ಎಂದು ಸಾರಿದೆ. ಲೂರ್ದು ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು.

"ಮಾಂಸ ಬಿಟ್ರೆ ನಿಮಗೇನ್ರೀ ಕಷ್ಟ? ಡಾಕ್ಟ್ರು ಆಗ್ಲೇ ಬಿಡಿಸಿದ್ದಾರೆ. ಬಿಡೋದಾದ್ರೆ ಬೈಯೋದು ಬಿಡಿ."

ಏಳನೇ ಕ್ಲಾಸಿನ ಮಗಳು ಅನಿತಾ ಚಪ್ಪಾಳೆ ತಟ್ಟಿದಳು. ತಾನು ಚಾಕೊಲೇಟು ಬಿಡುವುದಾಗಿ ಆ ಉತ್ಸಾಹದಲ್ಲೇ ಘೋಷಿಸಿದಳು. "ಅಮ್ಮಾ, ನೀನೇನು ಬಿಡ್ತೀಯ?" ಎಂದು ಕೇಳಿದ್ದಕ್ಕೆ ಲೂರ್ದು, "ಅದು ನಂಗೂ ದೇವ್ರಿಗೂ ಸೇರಿದ್ದು. ಫಾದರ್ ಪ್ರಸಂಗ ಕೇಳಿಲ್ವಾ? ತಪಸ್ಸನ್ನ ಊರೆಲ್ಲ ಡಂಗುರ ಹೊಡೀಬಾರದು. ನೀವೂ ಅಷ್ಟೇ ರೀ, ಶೆಡ್ಡಲ್ಲಿ ಯಾರ ಹತ್ರಾನೂ ಹೇಳ್ಕೊಂಡು ಓಡಾಡ್ಬೇಡಿ" ಅಂದಳು. ಹೀಗೆ ನನ್ನ ಬೈಗುಳದ ಉಪವಾಸ ಗುಟ್ಟಾಗಿ ಆರಂಭವಾಯಿತು.

ಸಿಟ್ಟು ಬಂದಾಗಲೆಲ್ಲ ಕಣ್ಣು ಮುಚ್ಚಿ ಒಂದು ನಮೋ ಮರಿಯಾ ಹೇಳಿಕೊಳ್ಳುವುದು ಎಂದು ಉಪಾಯ ಮಾಡಿಕೊಂಡೆ. ಮೊದಲ ದಿನ ಊಟದ ಹೊತ್ತಿಗೆ ಐವತ್ತು ಚಿಲ್ಲರೆ ನಮೋ ಮರಿಯಾಗಳ ಒಂದು ಜಪಸರವೇ ಮುಗಿದಿತ್ತು. ಸಿಎನ್‌ಸಿ ನಡೆಸುವ ಮಂಜುನಾಥ, ಎರಡು ಮಕ್ಕಳ ತಂದೆ, ಡ್ರಾಯಿಂಗನ್ನು ತಲೆಕೆಳಗಾಗಿ ಹಿಡಿದು ಒಂದಿಡೀ ಟ್ರೇ ಮಾಲು ಹಾಳು ಮಾಡಿದ. ನಾನು ಕಣ್ಣು ಮುಚ್ಚಿದೆ, ತುಟಿ ಅಲ್ಲಾಡಿಸಿದೆ, ಕಣ್ಣು ತೆರೆದು, "ಇರಲಿ ಮಂಜು. ಊಟ ಆಯ್ತಾ?" ಎಂದು ಕೇಳಿದೆ. ಅವನು ಬಿಳಿಚಿಕೊಂಡ. ಅದು ಪಶ್ಚಾತ್ತಾಪವೆಂದು ನಾನು ತಿಳಿದೆ. ಪ್ರೀತಿಗೆ ಎಂಥ ಶಕ್ತಿಯಿದೆ, ಇಷ್ಟು ವರ್ಷ ವ್ಯರ್ಥವಾಗಿ ಗಂಟಲು ಹರಿದುಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಮರುಕ ಹುಟ್ಟಿತು.

ಆಮೇಲೆ ನನಗೆ ಈ ಒಳ್ಳೆಯತನದ ರುಚಿ ಹತ್ತಿತು. ಎಲ್ಲರಿಗೂ ಸಂಜೆ ವಡೆ ತರಿಸಿದೆ. ಹನುಮಂತರಾಯಪ್ಪನವರ ಮಂಡಿನೋವು ವಿಚಾರಿಸಿದೆ. ಶೆಡ್ಡಿಗೆ ಹಬ್ಬಕ್ಕೆ ಮುಂಚೆ ಸುಣ್ಣ ಬಳಿಸೋಣವೆಂದು ಪೇಂಟರನ್ನು ಕರೆಸಿ, ಅವನು ಟೇಪು ಹಿಡಿದು ಗೋಡೆ ಅಳೆಯುವಾಗ ಜೊತೆಗೆ ನಿಂತು ಮೆಲುದನಿಯಲ್ಲಿ ಮಾತಾಡಿದೆ. ಶೆಡ್ಡಿನಲ್ಲಿ ಗಲಾಟೆಯಿಲ್ಲ, ಮೆಷಿನುಗಳ ಸದ್ದು ಬಿಟ್ಟರೆ ನಿಶ್ಶಬ್ದ. ಮನೆಯಲ್ಲಂತೂ ಇನ್ನೂ ಸೊಗಸು. ಸಾಮಾನ್ಯವಾಗಿ ಲೂರ್ದುವಿಗೆ ನನ್ನ ಮೇಲೆ ದಿನಕ್ಕೆ ಹತ್ತಾದರೂ ದೂರುಗಳಿರುತ್ತವೆ. ಈಗ ನೋಡಿದರೆ ಒಂದೂ ಇಲ್ಲ. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆದರೂ ಮಾತಿಲ್ಲ. ಆಯಿಲ್ ಮೆತ್ತಿದ ಚಪ್ಪಲಿಯಲ್ಲೇ ಒಳಗೆ ಬಂದರೂ ಮಾತಿಲ್ಲ. ಬೈಯುವುದೊಂದನ್ನು ಬಿಟ್ಟಿದ್ದಕ್ಕೆ ನನ್ನ ಮಿಕ್ಕ ದೋಷಗಳೂ ತಾವಾಗಿ ಉದುರಿಹೋದವು, ಇನ್ನು ಸಂತರ ಪಟ್ಟಿಗೆ ಸೇರಲು ಸಾಯುವುದೊಂದೇ ಬಾಕಿ ಎಂದು ನಾನು ಪ್ರಾಮಾಣಿಕವಾಗಿ ನಂಬಿದೆ. ನಗಬೇಡಿ, ನಿಮ್ಮ ಮನೆಯಲ್ಲೂ ಒಂದು ತಿಂಗಳು ಯಾರೂ ಏನೂ ಅನ್ನದಿದ್ದರೆ ನೀವೂ ಹಾಗೇ ನಂಬುತ್ತೀರಿ.

ನಾಲ್ಕನೇ ವಾರ ಶೆಡ್ಡಿನಲ್ಲಿ ಏನೋ ವಾಸನೆ ಹೊಡೆಯಿತು. ಮಂಜುನಾಥ ಅರ್ಧ ದಿನ ರಜೆ ಕೇಳಿದ. ಅವನು ಹಿಂದಿನ ಕ್ರಾಸಿನ ಇನ್ನೊಂದು ಶೆಡ್ಡಿನ ಬಾಗಿಲಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದನ್ನು ನಾನೇ ಕಂಡೆ. ಇನ್ನೊಬ್ಬ ಬಂದು, "ಸಾರ್, ಎಕ್ಸ್‌ಪೀರಿಯನ್ಸ್ ಲೆಟರ್ ಒಂದು ಕೊಡ್ತೀರಾ, ಸುಮ್ನೆ ಇಟ್ಕೊಳ್ಳೋಕೆ" ಅಂದ. ಶುಕ್ರವಾರ ಸಂಜೆ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಹೊರಡುವ ಮುಂಚೆ ದೀಪ ಆರಿಸಲು ಹೋದಾಗ ಪಟಗಳ ಕೆಳಗಿನ ಹಲಗೆ ನೋಡಿದೆ. ಹನುಮಂತರಾಯಪ್ಪನವರ ಟೂಲ್ ಪೆಟ್ಟಿಗೆ ಇರಲಿಲ್ಲ. ಧೂಳಿನ ನಡುವೆ ಪೆಟ್ಟಿಗೆಯ ಅಳತೆಯ ಒಂದು ಚೌಕ ಮಾತ್ರ ಸ್ವಚ್ಛವಾಗಿ ಉಳಿದಿತ್ತು.

ಮೆಷಿನು ಕೆಟ್ಟರೆ ರಿಪೇರಿ ಮಾಡಿಸಬಹುದು, ಹನುಮಂತರಾಯಪ್ಪ ಹೋದರೆ ನಾನೇನು ಮಾಡಲಿ? ನನಗೆ ಲೇತಿನ ಒಳಗುಟ್ಟು ಕಲಿಸಿದವರೇ ಅವರು. ಅವರಿಲ್ಲದ ಶೆಡ್ಡನ್ನು ನೆನೆಸಿಕೊಂಡರೆ ಅದು ನನ್ನದೆಂದೇ ಅನ್ನಿಸಲಿಲ್ಲ. ಅಂದು ಚರ್ಚಿನಲ್ಲಿ ಶಿಲುಬೆಯ ಹಾದಿಯ ಹದಿನಾಲ್ಕು ಪಟಗಳ ಮುಂದೆ ನಿಂತಾಗಲೂ ನನ್ನ ಕಣ್ಣೆದುರಿಗೆ ಬಂದದ್ದು ಆ ಖಾಲಿ ಚೌಕವೇ.

ಶನಿವಾರ ಸಂಜೆ ಅವರೇ ನಮ್ಮ ಮನೆಗೆ ಬಂದರು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಕಾಯಿಲೆಯವರನ್ನು ನೋಡಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು.

"ಸಾರ್, ನಮ್ತಾವ ಮುಚ್ಮರೆ ಯಾಕೆ? ಶೆಡ್ಡು ಯಾವಾಗ ಮುಚ್ತೀರಾ, ಯೋಳ್ಬುಡಿ."

"ಯಾರು ಹೇಳಿದ್ದು ಮುಚ್ತೀನಿ ಅಂತ?"

"ಯಾರು ಯಾಕೆ ಯೋಳ್ಬೇಕು? ನಾವು ಕಣ್ಣಾರೆ ಕಾಣ್ತಾ ಇಲ್ವಾ? ನಾಕನೇ ಶೆಡ್ಡಿನ ಓನರ್ರು, ಜನ್ಮದಾಗೆ ಒಂದು ಒಳ್ಳೆ ಮಾತಾಡ್ದೋರಲ್ಲ. ಒಂದಿನ ಬಂದು ಎಲ್ಲಾರ್ಗೂ ವಡೆ ಕೊಡ್ಸಿ, ಊಟ ಆಯ್ತಾ ಅಂದ್ರು. ಅದಿನೈದು ದಿನ, ಅಷ್ಟೇಯ, ಮಿಸಿನ್ನೆಲ್ಲ ಲಾರಿ ಅತ್ತುಸ್ಬುಟ್ರು. ಪೀಣ್ಯದಾಗೆ ಓನರ್ರು ಮೆತ್ತಗಾದ್ರು ಅಂದ್ರೆ ಇನ್ನೇನು ಅರ್ಥ? ನೀವೂ ಅಂಗೇ ವಡೆ ಕೊಡಿಸಿದ್ರಿ. ಯಾವನೋ ಬಂದು ಟೇಪು ಇಡ್ದು ಅಳ್ಕಂಡೋದ. ಮಂಜ ಅಷ್ಟು ಮಾಲು ಕೆಡ್ಸಿದ್ರೆ ಕಣ್ಮುಚ್ಕಂಡು ಏನೋ ಗೊಣಗ್ತೀರಾ. ನಿಮ್ಮ ಮಖ ನೋಡಕಾಗ್ದೆ ನನ್ ಪೆಟ್ಟಿಗೇನ ನಾನೇ ತಕ್ಕಂಡೋದೆ. ನೀವು ಬಾಯ್ಬುಟ್ಟು ಯೋಳೋ ಕಷ್ಟ ಬ್ಯಾಡ ಅಂತ."

ಅವರ ಕಣ್ಣಲ್ಲಿ ನೀರಿತ್ತು. ಲೂರ್ದು ತಪಸ್ಸು ಕಾಲದ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಅವರು ಕುರ್ಚಿಯೊಳಕ್ಕೆ ಸರಿದು ಕೂತು, ತೊಡೆ ತಟ್ಟಿಕೊಂಡು ನಕ್ಕರು.

"ಅಯ್ಯೋ ಇವ್ರ! ಮಾಂಸ ಬುಡೋದು ಗೊತ್ತು, ಎಣ್ಣೆ ಬುಡೋದು ಗೊತ್ತು. ಬೈಯೋದ್ ಬುಡೋ ವ್ರತಾನೂ ಐತಾ? ಸರಿ, ನಾನು ನಂಬ್ದೆ. ಆದ್ರೆ ಉಳಿದೋರು ನಂಬಾಕಿಲ್ಲ ಸಾರ್. ಸೋಮವಾರ ಮಂಜ ಅತ್ಲಾಗ್ ಸೇರ್ಕಂಬುಡ್ತಾನೆ, ಅವನಿಂದೆ ಇನ್ನಿಬ್ರು. ಬಾಯಲ್ಲಿ ಏನ್ ಯೋಳಿದ್ರೂ ಕೇಳಲ್ಲ. ಒಂದೇ ಒಂದ್ಸಲ, ಮದ್ಲಿನಂಗೆ, ಬೈದ್ಬುಡಿ."

ನಾನು ಸಂಕಟಕ್ಕೆ ಸಿಕ್ಕಿಬಿದ್ದೆ. ಬೈದರೆ ದೇವರಿಗೆ ಕೊಟ್ಟ ಮಾತು ಹೋಗುತ್ತದೆ, ಬೈಯದಿದ್ದರೆ ಮೂರು ಜನ ಹೋಗುತ್ತಾರೆ. ಆಗ ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಅನಿತಾ ತಲೆಯೆತ್ತದೆ ಹೇಳಿದಳು: "ಭಾನುವಾರ ಬೈಯಪ್ಪ. ಭಾನುವಾರ ಲೆಕ್ಕಕ್ಕಿಲ್ಲ. ಶಾಲೇಲಿ ಸಿಸ್ಟರ್ ಇವತ್ತು ಹೇಳಿಕೊಟ್ರು. ಎಣಿಸಿ ನೋಡು, ಬೂದಿ ಬುಧವಾರದಿಂದ ಪಾಸ್ಖಕ್ಕೆ ನಲವತ್ತಾರು ದಿನ ಬರುತ್ತೆ. ಆರು ಭಾನುವಾರ ಕಳೆದ್ರೆ ನಲವತ್ತು."

ಕ್ಯಾಲೆಂಡರ್ ತೆಗೆದು ಎಣಿಸಿದೆ. ಹುಡುಗಿ ಹೇಳಿದ್ದು ಸರಿ. ಬುಷ್ಷಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕಂಡುಹಿಡಿಯುವ ನಾನು, ಹುಟ್ಟಿದಾಗಿನಿಂದ ಆಚರಿಸುತ್ತ ಬಂದ ನಲವತ್ತು ದಿನಗಳನ್ನು ಒಮ್ಮೆಯೂ ಎಣಿಸಿರಲಿಲ್ಲ. ಆದರೂ ಖಾತ್ರಿಗೆಂದು ಫಾದರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಫಾದರ್ ಪೂರ್ತಿ ಕೇಳಿಸಿಕೊಂಡರು. "ಅಂತೋಣಿ, ಧರ್ಮಸಭೆ ಭಾನುವಾರವನ್ನ ಬಿಟ್ಟಿರೋದು ಸಂತೋಷಪಡೋಕೆ, ಬೈಯೋಕಲ್ಲ" ಅಂದರು. ಆಮೇಲೆ ತಾವೇ ಮುಂದುವರಿಸಿದರು: "ಆದ್ರೆ ನೀನು ಬೈದ್ರೆ ಅವರಿಗೆ ಸಂತೋಷ ಆಗುತ್ತೆ ಅಂತೀಯ. ಹಾಗಿದ್ರೆ ಬೈಯಪ್ಪಾ. ಮೈಕ್ ಮಾತ್ರ ಹಿಡೀಬೇಡ."

ಲೂರ್ದು ಫೋನಿನ ಹತ್ತಿರ ಬಗ್ಗಿದಳು. "ಫಾದರ್, ಭಾನುವಾರ ಅಂದ್ರೆ ಪೂರ್ತಿ ದಿನಾನಾ?"

"ಪೂರ್ತಿ ದಿನ ಕಣಮ್ಮ."

ಅವಳು ಯಾಕೆ ಕೇಳಿದಳೆಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಹನುಮಂತರಾಯಪ್ಪ ಆಗಲೇ ಒಬ್ಬೊಬ್ಬರಿಗೂ ಫೋನ್ ಹಚ್ಚಿ, "ನಾಳೆ ಅರ್ಧ ದಿನ ಓಟಿ, ಎಲ್ಲಾರೂ ಬರ್ಬೇಕಂತೆ" ಎನ್ನುತ್ತಿದ್ದರು.

ಭಾನುವಾರ ಪೂಜೆ ಮುಗಿಸಿ, ಅಂದು ವಾಚನವನ್ನೂ ಪಿಸುದನಿಯಲ್ಲಿ ಓದಿ ಗಂಟಲು ಉಳಿಸಿಕೊಂಡು, ಹತ್ತು ಗಂಟೆಗೆ ಶೆಡ್ಡಿಗೆ ಹೋದೆ. ನೋಡಲೇಬೇಕೆಂದು ಅನಿತಾ ಸ್ಕೂಟರಿನ ಹಿಂದೆ ಕೂತಳು. ಆರೂ ಜನ ಸಾಲಾಗಿ ನಿಂತಿದ್ದರು, ಕೊನೆಯ ಮಾತು ಕೇಳಲು ಬಂದವರ ಮುಖದಲ್ಲಿ. ನಾನು ಬಾಯಿ ತೆರೆದೆ. ಬೈಯಬೇಕೆಂದು ಬಂದರೆ ಬೈಯಲು ಕಾರಣವೇ ಇಲ್ಲ! ಶೆಡ್ಡು ಮುಚ್ಚುತ್ತದೆಂಬ ದುಃಖದಲ್ಲಿ ಪಾಪ ಅವರು ಎಲ್ಲವನ್ನೂ ಒರೆಸಿ ಜೋಡಿಸಿ ಇಟ್ಟಿದ್ದರು. ಟ್ರೇಗಳು ಫಳಫಳ ಹೊಳೆಯುತ್ತಿದ್ದವು. "ಏನ್ರೀ ಇದು..." ಎಂದು ಶುರು ಮಾಡಿ, "...ಚೆನ್ನಾಗಿದೆ" ಎಂದು ಮುಗಿಸಿದೆ. ಮಂಜುನಾಥ ಕರವಸ್ತ್ರ ತೆಗೆದ. ಅನಿತಾ ಹಣೆ ಚಚ್ಚಿಕೊಂಡಳು.

ಹನುಮಂತರಾಯಪ್ಪ ಸದ್ದಿಲ್ಲದೆ ತಮ್ಮ ಲೇತಿನ ಕಡೆ ನಡೆದರು. ಅವರು ಮೆಷಿನ್ನಿನ ಮೇನ್ ಸ್ವಿಚ್ ಆರಿಸಿ, ಬೇಕೆಂದೇ ಆ ಕೆಲಸ ಮಾಡಿದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ಕಂಡದ್ದಿಷ್ಟೇ: ಚಕ್ಕಿನಲ್ಲಿ ಕೀಲಿ ಹಾಗೇ ನಿಂತಿದೆ.

"ಯಾವನ್ರೀ ಅದು ಚಕ್ಕಲ್ಲಿ ಕೀಲಿ ಬಿಟ್ಟಿರೋದು!"

ಛಾವಣಿಯ ತಗಡು ಅದುರಿತು. ಆಮೇಲೆ ನನ್ನನ್ನು ಹಿಡಿಯುವವರು ಇರಲಿಲ್ಲ. ಕೀಲಿಯಿಂದ ಆರಂಭಿಸಿ, ತಲೆಕೆಳಗಾದ ಡ್ರಾಯಿಂಗು, ಇಸ್ತ್ರಿ ಅಂಗಿ ಹಾಕಿಕೊಂಡು ಬೇರೆ ಶೆಡ್ಡಿನ ಬಾಗಿಲು ಕಾಯುವುದು, ಓನರ್ ವಡೆ ಕೊಡಿಸಿದರೆ ತಿಂದು ಸುಮ್ಮನಿರದೆ ಅದರಲ್ಲಿ ಅರ್ಥ ಹುಡುಕುವುದು, ಒಂದು ತಿಂಗಳಿಂದ ಒಳಗೆ ಕೂಡಿಟ್ಟಿದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ನಾನು ಕೂಗಿದಷ್ಟೂ ಅವರ ಮುಖಗಳು ಅರಳುತ್ತ ಹೋದವು. ಮಂಜುನಾಥ ಹಲ್ಲು ಕಿರಿದು ಪಕ್ಕದವನ ಭುಜ ಹಿಡಿದುಕೊಂಡ, "ನಮ್ ಸಾರ್ ಕಣೋ!" ಎಂದ. ಎದುರಿನ ಶೆಡ್ಡಿನ ವಾಚ್‌ಮನ್ ಓಡಿಬಂದು ಬಾಗಿಲಲ್ಲಿ ಇಣುಕಿ, "ಏನ್ ಸಾರ್, ಹುಷಾರಾದ್ರಾ?" ಎಂದು ವಿಚಾರಿಸಿದ. ಹನುಮಂತರಾಯಪ್ಪ ಹೊರಗೆ ಹೋಗಿ, ತಮ್ಮ ಸ್ಕೂಟರಿನ ಮುಂದೆ ಇಟ್ಟು ತಂದಿದ್ದ ಮರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಪಟಗಳ ಕೆಳಗೆ ಆ ಚೌಕದ ಮೇಲೆ ಸರಿಯಾಗಿ ಕೂರಿಸಿದರು. ಅದನ್ನು ನೋಡಿ ನಾನು ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದೆ. ನನಗೆ ಅಷ್ಟು ಸಂತೋಷವಾಗಿತ್ತು. ಇಲ್ಲದಿದ್ದರೆ ನಾನು ಇನ್ನೂ ಅರ್ಧ ಗಂಟೆ ಬೈಯುತ್ತಿದ್ದೆ.

ಮಧ್ಯಾಹ್ನ ಮನೆಗೆ ಬಂದಾಗ ನಾನು ಯುದ್ಧ ಗೆದ್ದು ಬಂದವನು. ಅನಿತಾ ಕಳೆದುಹೋದ ನಾಲ್ಕು ಭಾನುವಾರಗಳದ್ದೂ ಸೇರಿಸಿ ಚಾಕೊಲೇಟು ತಿನ್ನಲು ಕೂತಳು. ನಾನು ಮುಖ ತೊಳೆದು ಟವಲನ್ನು ಹಾಸಿಗೆಯ ಮೇಲೆ ಎಸೆದು, "ಲೂರ್ದು, ಕಾಫಿ" ಎಂದೆ. ಕಾಫಿ ಬಂತು. ಅವಳು ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಭಾನುವಾರ ಲೆಕ್ಕಕ್ಕಿಲ್ಲ ಅಂತ ಫಾದರ್ ಹೇಳಿದ್ರು ಅಲ್ವಾ?"

"ಹೌದು. ಯಾಕೆ?"

"ಪೂರ್ತಿ ದಿನ ಅಂದ್ರು, ಅಲ್ವಾ?"

"ಹೌದು ಮಾರಾಯ್ತಿ, ಯಾಕೆ?"

"ನಾನೇನು ಬಿಟ್ಟಿದ್ದೀನಿ ಅಂತ ನೀವು ಒಂದು ದಿನಾನಾದ್ರೂ ಕೇಳಿದ್ರಾ? ನಿಮ್ಮ ತಪ್ಪು ಎತ್ತಿ ಆಡೋದನ್ನ ಬಿಟ್ಟಿದ್ದೀನಿ ಕಣ್ರೀ! ಮೂವತ್ತೆರಡು ದಿನ ನಾಲಿಗೆ ಕಚ್ಕೊಂಡಿದ್ದೀನಿ. ಎದ್ದೋಗಿ, ಮೊದಲು ಆ ಟವಲ್ ತೆಗೀರಿ ಹಾಸಿಗೆ ಮೇಲಿಂದ!"

ಆಮೇಲೆ ಅವಳು ಬೂದಿ ಬುಧವಾರದಿಂದ ಶುರು ಮಾಡಿದಳು, ದಿನವಾರು, ಒಂದನ್ನೂ ಬಿಡದೆ. ಸಂತರ ಪಟ್ಟಿಯಿಂದ ನನ್ನ ಹೆಸರು ಅಳಿಸಿಹೋಗುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ವಿಚಿತ್ರವೆಂದರೆ ನನ್ನ ಮುಖ ತಾನಾಗಿ ಅರಳತೊಡಗಿತು. ಬೆಳಿಗ್ಗೆ ಮಂಜುನಾಥ ಯಾಕೆ ಹಾಗೆ ಹಲ್ಲು ಕಿರಿದನೆಂದು ನನಗೆ ಆಗ ಅರ್ಥವಾಯಿತು. ಈ ಮನೆ ಸದ್ಯಕ್ಕೆ ಮುಚ್ಚುವುದಿಲ್ಲ.

"ನಗ್ತಾ ಇದ್ದೀರಾ? ನಾನು ಹೇಳ್ತಿರೋದು ತಮಾಷೆ ಅನ್ಸುತ್ತಾ?" ಎಂದಳು ಲೂರ್ದು. ಆ ಸಾಲನ್ನೂ ದೂರುಗಳಿಗೆ ಸೇರಿಸಿ ಮುಂದುವರಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿನ್ನೂ ತಪಸ್ಸು ಕಾಲದ ಎರಡನೇ ವಾರದಲ್ಲಿದ್ದಳು. ನಾನು ಕಣ್ಣು ಮುಚ್ಚಿ ಮೆಲ್ಲಗೆ ನಮೋ ಮರಿಯಾ ಹೇಳಿಕೊಳ್ಳಲು ಆರಂಭಿಸಿದೆ.